ಅಕ್ಕನ ತಾಲ್ಲೂಕು

…ಅಥವಾ ಅದು ಸಬ್ಬಸಿಗೆ ಆಗಿರಲೇ ಇಲ್ಲವೇನೋ. ಬೇಲಿಯ ಮೇಲಿಂದ ಪಕ್ಕದ ಮನೆಯವರು ಮೊದಲ ಸಲ ಕೈ ಚಾಚಿದಾಗ ಆ ಕೈಯಲ್ಲಿದ್ದದ್ದು ಬರೀ ಈರುಳ್ಳಿ ಸೊಪ್ಪು ಇದ್ದಿರಬಹುದು. ಸಬ್ಬಸಿಗೆಯನ್ನು ಆಮೇಲೆ ಎಷ್ಟೋ ಸಲ ಕೊಟ್ಟಿದ್ದಾರೆ. ಆ ಎಷ್ಟೋ ಸಲಗಳ ವಾಸನೆಯನ್ನು ತೆಗೆದು ನಾನೇ ಮೊದಲ ಸಲಕ್ಕೆ ಹಚ್ಚಿಕೊಂಡಿರಬಹುದು. ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದು ಬೇಕಾದ್ದನ್ನು ಬೇಕಾದ ಕಡೆ ತಂದಿಟ್ಟು, ಮೊದಲಿನಿಂದಲೂ ಇಲ್ಲೇ ಇತ್ತಲ್ಲ ಎನ್ನುತ್ತದೆ.

ಈ ಭಾನುವಾರ ಲೆಸ್ಟರಿನಿಂದ ಬರುವಾಗ ನನ್ನ ಹೆಂಡತಿ ಸಬ್ಬಸಿಗೆಯ ಕಟ್ಟುಗಳನ್ನು ತಂದಳು. ಇಂಗ್ಲೆಂಡಿನಲ್ಲಿ ನಾವಿರುವ ಸ್ಟಾಕ್‌ಪೋರ್ಟಿನ ಅಂಗಡಿಗಳಲ್ಲಿ ಅದನ್ನು ಮೀನಿನ ಮೇಲೆ ಉದುರಿಸಿಕೊಳ್ಳುವವರಿಗೆಂದು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ನಾಲ್ಕೆಳೆ ಇಟ್ಟಿರುತ್ತಾರೆ, ಅದರಿಂದ ಪಲ್ಯವಾಗುವುದಿಲ್ಲ. ಕಾರಿನ ಡಿಕ್ಕಿ ತೆರೆದಾಗ ವಾಸನೆ ಬಂತು. ಚೀಲ ಎತ್ತಿಕೊಂಡು ಒಳಗೆ ಹೋಗುವ ಬದಲು ನಾನು ಪಕ್ಕದ ಮನೆಯ ಕಡೆ ನೋಡುತ್ತ ನಿಂತೆ. ಅಲ್ಲಿ ಈಗ ಬೇರೆಯವರಿದ್ದಾರೆ. ಹಿತ್ತಿಲಿಗೆ ಕಲ್ಲು ಹಾಸಿ, ಮಕ್ಕಳು ಕುಣಿಯುವ ಜಾಲರಿಯ ಟ್ರ್ಯಾಂಪೊಲೀನ್ ಇಟ್ಟಿದ್ದಾರೆ. ನನಗೆ ದುಃಖವೇನೂ ಆಗಲಿಲ್ಲ. ನೋಡಿದೆ, ಚೀಲ ಎತ್ತಿಕೊಂಡೆ, ಒಳಗೆ ಹೋದೆ. ಏನೂ ಆಗಲಿಲ್ಲವಲ್ಲ ಎಂಬುದು ಸಂಜೆಯವರೆಗೆ ತಲೆಯಲ್ಲಿ ಉಳಿಯಿತು. ಅದಕ್ಕೇ ಬರೆಯಲು ಕೂತಿದ್ದೇನೆ.

ಆಗ ಅಲ್ಲಿದ್ದವರನ್ನು ನಾವು ಅಕ್ಕ ಎನ್ನುತ್ತಿದ್ದೆವು. ಯುಕ್ರೇನಿನವರು. ಯುದ್ಧ ಶುರುವಾದ ಮೇಲೆ ಇಲ್ಲಿನ ಎಷ್ಟೋ ಜನ ತಮ್ಮ ಮನೆಯ ಖಾಲಿ ಕೋಣೆಗಳನ್ನು ಅಲ್ಲಿಂದ ಬಂದವರಿಗೆ ಬಿಟ್ಟುಕೊಟ್ಟರು. ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿಯೂ ಮಹಡಿಯ ಮೇಲಿನ ಕೋಣೆಯನ್ನು ಇವರಿಗೆ ಕೊಟ್ಟರು. ಐವತ್ತರ ಆಚೀಚೆಯ ಹೆಂಗಸು. ಗಿಡ್ಡ ಕೂದಲು, ಅಗಲ ಭುಜ. ಹತ್ತಿರದ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ. ಮಧ್ಯಾಹ್ನ ಬಂದವರೇ ಅಜ್ಜಿಯ ಹಿತ್ತಿಲಿನ ಹುಲ್ಲನ್ನು ಒಂದು ಕಡೆಯಿಂದ ಅಗೆದು ಸಬ್ಬಸಿಗೆ, ಈರುಳ್ಳಿ, ಬೀಟ್‌ರೂಟ್ ಹಾಕಿದರು. ಅಜ್ಜಿಗೆ ಹುಲ್ಲಿನ ಮೇಲೆ ಪ್ರೀತಿ ಇತ್ತೆಂದು ಕಾಣುತ್ತದೆ. ಆದರೂ ಅಗೆಯಲು ಬಿಟ್ಟರು.

ನನ್ನ ಹೆಂಡತಿ ಮೊದಲ ದಿನವೇ ಅವರನ್ನು 'ಅಕ್ಕಾ' ಎಂದು ಕರೆದಳು. ಅವರು ಅದನ್ನು ನಮಸ್ಕಾರದಂಥ ಮಾತು ಎಂದುಕೊಂಡರು. ಮರುದಿನ ನಾನು ಕಸದ ಡಬ್ಬಿಯನ್ನು ರಸ್ತೆಗೆ ತಳ್ಳಿಕೊಂಡು ಹೋಗುತ್ತಿದ್ದಾಗ ಆ ಕಡೆಯಿಂದ ಗಟ್ಟಿಯಾಗಿ ಕೂಗಿದರು: 'ಹಲೋ, ಅಕ್ಕಾ!'

ಒಳಗಿನಿಂದ ನನ್ನ ಹೆಂಡತಿ ನಗುತ್ತ, 'ಹೋಗ್ರಿ ಅಕ್ಕಾರ, ನಿಮ್ಮನ್ನ ಕರ್ಯಾಕತ್ತಾರ' ಎಂದಳು.

ಅಕ್ಕ ಎಂದರೆ ಹಿರಿಯ ಸೋದರಿ, ಗಂಡಸರಿಗೆ ಹಾಗೆ ಅನ್ನುವುದಿಲ್ಲ ಎಂದು ಒಂದು ದಿನ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. 'ಐ ನೋ,' ಅಂದರು. 'ಯು ಆಲ್ಸೋ ಅಕ್ಕ.' ಅಲ್ಲಿಗೆ ಮುಗಿಯಿತು. ಕೊನೆಯ ದಿನದವರೆಗೂ ಅವರಿಗೆ ನಾನೂ ಅಕ್ಕನೇ.

ತಾಲ್ಲೂಕಿನ ಮಾತು ಬಂದದ್ದು ಬೇಲಿಯ ಬಳಿಯೇ. ನನ್ನ ಹೆಂಡತಿ ಬಾಗಲಕೋಟೆ ಕಡೆಯವಳು. ಯಾರನ್ನು ಕಂಡರೂ ಎರಡನೆಯ ಮಾತಿಗೆ 'ಯಾವ ತಾಲೂಕ್ರಿ?' ಎನ್ನುವುದು ಅವರ ಮನೆಯ ಪದ್ಧತಿ. ಊರ ಹೆಸರು ಕೇಳಿದರೆ ಸಾಲದು, ಒಂದೇ ಹೆಸರಿನ ಊರುಗಳು ಹತ್ತು ಕಡೆ ಇರುತ್ತವೆ. ತಾಲ್ಲೂಕು ಗೊತ್ತಾದರೆ ಯಾವ ಸಂತೆ, ಯಾವ ಬಸ್ಸು, ಯಾರ ಬೀಗರು ಎಂದು ಹಿಡಿಯಬಹುದು. ಇಲ್ಲಿ ಕನ್ನಡದವರ ಯುಗಾದಿ ಊಟದಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗಲೂ ಅವಳು ಕೇಳುವುದು ಅದನ್ನೇ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಹುಡುಗರು ತಾಲ್ಲೂಕು ಯಾವುದೆಂದು ಗೊತ್ತಿಲ್ಲದೆ ಫೋನ್ ತೆಗೆದು ನೋಡಿದ್ದುಂಟು. ಹಾಗೆಯೇ ಒಂದು ದಿನ ಈಕೆಯನ್ನೂ ಕೇಳಿಬಿಟ್ಟಳು: 'ಅಕ್ಕಾ, ವಿಚ್ ತಾಲೂಕ್?'

ಅಕ್ಕ ಬಗ್ಗಿ ಒಂದು ಹಿಡಿ ಈರುಳ್ಳಿ ಸೊಪ್ಪು ಕಿತ್ತು ಕೊಟ್ಟರು.

'ಅಯ್ಯ, ಉಳ್ಳಾಗಡ್ಡಿ ಯಾರ ಕೇಳ್ಯಾರ್ರಿ!' ಎಂದು ನನ್ನ ಹೆಂಡತಿ ಕೈಯಲ್ಲಿ ಸೊಪ್ಪು ಹಿಡಿದು ನಿಂತಳು.

ಆಮೇಲೆ ತಿಳಿದದ್ದು: ಅವರದು ರಷ್ಯಾದ ಗಡಿಗೆ ಅಂಟಿದ ಸೀಮೆ. ಆಚೆಯ ಭಾಷೆ, ಈಚೆಯ ಭಾಷೆ ಎರಡೂ ಕಲೆತು ಒಂದೇ ಬಾಯಲ್ಲಿ ಬರುವ ಕಡೆ. ಆಚೆಯ ಭಾಷೆಯಲ್ಲಿ 'ಲುಕ್' ಎಂದರೆ ಈರುಳ್ಳಿ. 'ತಾ' ಎಂಬುದಕ್ಕೆ ನಮ್ಮಲ್ಲಿ ಏನರ್ಥವೆಂದು ಅವರಿಗೆ ಹೇಗೆ ಗೊತ್ತಿರಬೇಕು? ಆದರೂ ತಾ ಎಂದವರಿಗೆ ಕೊಡುವ ಹಾಗೆಯೇ ಕೊಟ್ಟಿದ್ದರು. ಹೀಗೆ ಅರ್ಥಗಳು ತಾವಾಗಿ ಹೊಂದಿಕೊಂಡಾಗ ನನಗೆ ಒಳಗೊಳಗೇ ಅನುಮಾನ. ಇದನ್ನು ನಾನು ಆಮೇಲೆ ಕಟ್ಟಿಕೊಂಡೆನೇ ಎಂದು ಹೆಂಡತಿಯನ್ನು ಕೇಳಿದೆ. ಇಲ್ಲ, ಆ ಸೊಪ್ಪನ್ನು ಅಂದೇ ಝುಣಕಕ್ಕೆ ಹಾಕಿದ್ದು ನೆನಪಿದೆ ಎಂದಳು. ಅವಳಿಗೆ ಅಡುಗೆಯಾದದ್ದೆಲ್ಲ ನೆನಪಿರುತ್ತದೆ.

ತಾಲ್ಲೂಕು ಎಂದರೇನೆಂದು ಹೇಳಲು ನಾನು ಫೋನ್ ತೆಗೆದೆ. ಒಂದು ಭಾಷೆಯಲ್ಲಿ ಮಾತಾಡಿದರೆ ಇನ್ನೊಂದರಲ್ಲಿ ಒದರುವ ಆ್ಯಪ್. ಹಳ್ಳಿಗಳ ಮೇಲೆ ತಾಲ್ಲೂಕು, ತಾಲ್ಲೂಕುಗಳ ಮೇಲೆ ಜಿಲ್ಲೆ ಎಂದೆ. ಅವರ ಮುಖ ಬೆಳಗಿತು. 'ರಯೋನ್!' ಅಂದರು, ತಾಲ್ಲೂಕಿಗೆ ಅವರಲ್ಲಿ ಆ ಪದ. ನಿಮ್ಮದು ಯಾವುದು ಎಂದು ಕೇಳಿದ್ದಕ್ಕೆ ಒಂದು ಹೆಸರು ಹೇಳಿದರು. ಹೇಳಿದ್ದು ಖಂಡಿತ. ಎರಡು ಸಲ ಹೇಳಿದರು, ನನ್ನ ಬಾಯಲ್ಲಿ ಹೇಳಿಸಿ ತಿದ್ದಿದರು ಕೂಡ. ಆಮೇಲೆ ಫೋನಿಗೆ ಬಾಯಿ ಹತ್ತಿರ ತಂದು ಒಂದು ವಾಕ್ಯ ಹೇಳಿದರು. ಫೋನು ರಯೋನನ್ನು ಜಿಲ್ಲೆ ಮಾಡಿ, ತನ್ನ ವಾರ್ತೆ ಓದುವ ಕನ್ನಡದಲ್ಲಿ ಹೇಳಿತು: 'ನಮ್ಮ ಜಿಲ್ಲೆಯನ್ನು ದ್ರವೀಕರಿಸಲಾಗಿದೆ.'

ನನಗೆ ನಗು ಬಂತು. ನನ್ನ ಹೆಂಡತಿಗೆ ಬರಲಿಲ್ಲ. ಅವಳ ತಾಯಿಯ ತವರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಹೋಗಿದೆ. ಅವರ ಮನೆಯಲ್ಲಿ ಮದುವೆ, ಸಾವು ಎಂಬ ಮಾತುಗಳಷ್ಟೇ ರೂಢಿಯಾಗಿ 'ಮುಳುಗಡೆ' ಎಂಬ ಮಾತೂ ಬರುತ್ತದೆ. ಮುಳುಗಡೆಗೆ ಮುಂಚೆ, ಮುಳುಗಡೆ ಆದಮೇಲೆ ಎಂದೇ ಕಾಲವನ್ನು ಹೇಳುತ್ತಾರೆ. ಅವಳು ಬೇಲಿಯ ಮೇಲಿದ್ದ ಅಕ್ಕನ ಕೈ ಮುಟ್ಟಿದಳು.

'ಮುಳುಗಡೀ ಏನ್ರಿ ಅಕ್ಕಾ? ನಮ್ಮವ್ವನ ಊರೂ ಮುಳುಗಡೀನ.'

ಫೋನು ಏನೋ ಹೇಳಿತು. ಅಕ್ಕ ತಲೆಯಾಡಿಸಿದರು.

'ಬ್ಯಾಸಿಗ್ಯಾಗ ಮ್ಯಾಲ ಬರ್ತೈತ್ರಿ,' ಎಂದಳು ಇವಳು. 'ನೀರ ಇಳದ್ರ ಹಣಮಪ್ಪನ ಗುಡಿ ಕಾಣ್ತೈತಿ. ಎಲ್ಲಾರೂ ಹೋಗಿ ಕಾಯಿ ಒಡಸ್ಕೊಂಡ ಬರ್ತೀವಿ. ಚಿಂತಿ ಮಾಡಬ್ಯಾಡ್ರಿ.'

ಬಾಗಲಕೋಟೆಯ ಈ ಮಾತು ಫೋನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಇಷ್ಟುದ್ದ ಹೇಳಿದ್ದಕ್ಕೆ ಅದು ಅವರ ಭಾಷೆಯಲ್ಲಿ ತೀರಾ ಚಿಕ್ಕ ವಾಕ್ಯವೊಂದನ್ನು ಹೇಳಿತು. ಅಕ್ಕ ಗುಂಡಿ ಒತ್ತಿ ಇನ್ನೊಮ್ಮೆ ಕೇಳಿಸಿಕೊಂಡರು. ನನ್ನ ಹೆಂಡತಿಯ ಮುಖ ನೋಡಿದರು.

'ಸಮ್ಮರ್?' ಎಂದು ಕೇಳಿದರು.

'ಹೂಂನ್ರಿ. ಸಮ್ಮರ್.'

ರದ್ದು ಎಂಬುದಕ್ಕೆ ಫೋನು ಹಾಗೆ ಹೇಳಿದೆ ಎಂದು ನಾನು ಕಂಡುಕೊಂಡದ್ದು ಆಮೇಲೆ. ಅವರ ಮಾತಿನಲ್ಲಿ ಕಚೇರಿ ಮುಚ್ಚುವುದಕ್ಕೂ ಕಂಪನಿ ಮುಚ್ಚುವುದಕ್ಕೂ ಇಂಗ್ಲಿಷಿನ ಲಿಕ್ವಿಡೇಟ್‌ನಂಥ ಒಂದೇ ಪದವಂತೆ. ಫೋನು ಅದನ್ನು ಕರಗಿಸಿ ನೀರು ಮಾಡಿತ್ತು. ಹೆಂಡತಿಗೆ ಹೇಳಿದೆ. 'ಯಾವ್ದಾದ್ರ ಏನ್, ಇಲ್ಲ ಅಂದ್ರ ಇಲ್ಲ' ಎಂದಳು. ಅವಳ ಮಟ್ಟಿಗೆ ಅಕ್ಕನ ತಾಲ್ಲೂಕು ಮುಳುಗಡೆಯದೇ ಆಗಿ ಉಳಿಯಿತು.

ಆ ಬೇಸಿಗೆಯ ಮಧ್ಯಾಹ್ನಗಳಲ್ಲಿ, ಒಡಕು ಇಂಗ್ಲಿಷಿನಲ್ಲಿ ಅರ್ಧ, ಫೋನಿನ ಕನ್ನಡದಲ್ಲಿ ಅರ್ಧ, ನನಗೆ ತಿಳಿದದ್ದು ಇಷ್ಟು. ಅವರ ತಾಲ್ಲೂಕು ದೊಡ್ಡದೇನಲ್ಲ. ಒಂದು ಸಣ್ಣ ಪಟ್ಟಣ, ಸುತ್ತ ಹೊಲ, ಹಳ್ಳಿ, ಪೂರ್ವಕ್ಕೆ ಗಡಿ. ದೊಡ್ಡ ಯುದ್ಧಕ್ಕೆ ಮುಂಚೆಯೇ ಸರ್ಕಾರ ಸಣ್ಣ ಸಣ್ಣ ತಾಲ್ಲೂಕುಗಳನ್ನೆಲ್ಲ ರದ್ದು ಮಾಡಿ ದೊಡ್ಡ ತಾಲ್ಲೂಕುಗಳಿಗೆ ಸೇರಿಸಿತು. ಅದರಲ್ಲಿ ಇವರದೂ ಹೋಯಿತು. ಪಟ್ಟಣದ ತಾಲ್ಲೂಕು ಕಚೇರಿಯ ಮಹಡಿಯಲ್ಲಿ ಒಂದು ಕೋಣೆ. ಕಚೇರಿಯ ಜೊತೆಗೇ ಅದಕ್ಕೂ ಬೀಗ ಬಿತ್ತು. ಆ ಕೋಣೆಯಲ್ಲಿ ಇವರ ಕೆಲಸ. ಇವರು ತಾಲ್ಲೂಕಿನ ರೇಡಿಯೋದಲ್ಲಿ ಓದುತ್ತಿದ್ದವರು.

ತಾಲ್ಲೂಕಿಗೊಂದು ರೇಡಿಯೋ ಎನ್ನುವುದು ನನ್ನ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಗಾಳಿಯಲ್ಲಿ ಬರುವುದಲ್ಲ, ತಂತಿಯಲ್ಲಿ ಬರುವುದು. ಪ್ರತಿ ಮನೆಯ ಅಡುಗೆಮನೆಯ ಗೋಡೆಗೆ ಒಂದು ಪೆಟ್ಟಿಗೆ, ಅದಕ್ಕೆ ಒಂದೇ ತಿರುಗುಣಿ. ಬೇರೆ ಸ್ಟೇಷನ್ ಇಲ್ಲ. ಜೋರು ಮಾಡಬಹುದು, ಸಣ್ಣ ಮಾಡಬಹುದು, ಅಷ್ಟೆ. ಬೆಳಿಗ್ಗೆ ಇವರ ಧ್ವನಿ: ಹವಾಮಾನ, ಯಾವ ಬಸ್ಸು ಇಲ್ಲ, ನೀರು ಎಲ್ಲಿ ನಿಲ್ಲುತ್ತದೆ, ಯಾರು ತೀರಿಕೊಂಡರು. ಅವರ ಗಂಡನ ಕೆಲಸ ಆ ತಂತಿಗಳನ್ನು ನೋಡಿಕೊಳ್ಳುವುದು. ಹಳ್ಳಿಯಿಂದ ಹಳ್ಳಿಗೆ ಕಂಬ ಹತ್ತಿ ಇಳಿಯುವುದು.

'ನನ್ನ ಧ್ವನಿ ಕೇಳಿಯೇ ಮೆಚ್ಚಿದೆ ಎಂದಿದ್ದ, ಮದುವೆಯಾಗುವಾಗ,' ಎಂದು ಅಕ್ಕ ಒಂದು ದಿನ ಹೇಳಿದರು. 'ಸುಳ್ಳು. ತಂತಿಯಲ್ಲಿ ಗೊರ್ ಅನ್ನುತ್ತದಲ್ಲ, ಅದನ್ನು ಕೇಳುತ್ತಿದ್ದ. ಎಲ್ಲಿ ಒದ್ದೆಯಾಗಿದೆ ಅಂತ.'

ರೇಡಿಯೋ ಹೋದಮೇಲೆ ಆತ ಕರೆಂಟಿನ ತಂತಿಗೆ ಹೋದ. ಯುದ್ಧ ಬಂದಮೇಲೆ ಶೆಲ್ ಬಿದ್ದು ಕಂಬ ಮುರಿದ ಕಡೆಯೆಲ್ಲ ಆತನೇ ಹೋಗಬೇಕು. ಆ ವಯಸ್ಸಿನ ಗಂಡಸರು ದೇಶ ಬಿಡುವ ಹಾಗಿಲ್ಲ. ಇವರನ್ನು ಮಾತ್ರ ಒತ್ತಾಯ ಮಾಡಿ ಕಳಿಸಿದ್ದ. ದಿನವೂ ಸಂಜೆ ಅಲ್ಲಿ ಕರೆಂಟು ಇದ್ದರೆ ಫೋನ್ ಬರುತ್ತಿತ್ತು. ಇವರು ಹಿತ್ತಿಲಿನ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಿದ್ದರು. ನಮ್ಮ ಅಡುಗೆಮನೆಯ ಕಿಟಕಿಯಿಂದ ಬೆನ್ನು ಕಾಣುತ್ತಿತ್ತು. ಫೋನ್ ಬಾರದ ಸಂಜೆ ಅದೇ ಮೆಟ್ಟಿಲ ಮೇಲೆ ಫೋನನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿರುತ್ತಿದ್ದರು. ದೂರದಿಂದ ಎರಡಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ನನ್ನ ಹೆಂಡತಿಯೂ ತನ್ನ ಕಥೆ ಹೇಳಿದಳು. ಅವಳು ಹುಟ್ಟಿದಾಗ ಅವರ ಊರು ಬಿಜಾಪುರ ಜಿಲ್ಲೆಯಲ್ಲಿತ್ತು, ಆಮೇಲೆ ಬಾಗಲಕೋಟೆಯೇ ಬೇರೆ ಜಿಲ್ಲೆಯಾಯಿತು.

'ವಾರ್?' ಎಂದು ಅಕ್ಕ ಕೇಳಿದರು.

'ಇಲ್ರೀ. ಪೇಢೇ ಹಂಚಿದ್ರು.'

ಅಕ್ಕ ನಕ್ಕರು. ಅವರು ಬಾಯಿ ತೆರೆದು ನಕ್ಕದ್ದು ನಾನು ನೋಡಿದ್ದು ಆಗಲೇ ಇರಬೇಕು. ನಮ್ಮಲ್ಲಿ ಮೊದಲು ಪೆನ್ನಿನವರು ಬಂದರು, ಆಮೇಲೆ ಟ್ಯಾಂಕಿನವರು ಬಂದರು, ಪೇಢೆಯವರು ಬರಲೇ ಇಲ್ಲ ಎಂದರು. ಪೇಢೆ ಎಂಬ ಪದವನ್ನು ಹಾಗೇ ಇಟ್ಟುಕೊಂಡು ಹೇಳಿದರು. ಆ ಹೊತ್ತಿಗೆ 'ತಾಲೂಕು' ಕೂಡ ಅವರ ಪದವೇ ಆಗಿತ್ತು. 'ಮೈ ತಾಲೂಕು' ಎನ್ನುತ್ತಿದ್ದರು. 'ಟುಡೇ ತಾಲೂಕು ನೋ ಲೈಟ್.' 'ಟುಡೇ ತಾಲೂಕು ಕ್ವಯಟ್.' ನಾವೂ ಹಾಗೇ ಕೇಳುತ್ತಿದ್ದೆವು: ಅಕ್ಕಾ, ಹೌ ಈಸ್ ತಾಲೂಕು? ಆ ಎರಡು ಸಲ ಹೇಳಿಕೊಟ್ಟ ಹೆಸರು ಮತ್ತೆ ಬೇಕಾಗಲೇ ಇಲ್ಲ. ನಮ್ಮಿಬ್ಬರ ಮನೆಯ ನಡುವೆ ಇದ್ದದ್ದು ಒಂದೇ ತಾಲ್ಲೂಕು.

ನಾನು ಮೈಸೂರಿನವನು. ನನ್ನ ತಾಲ್ಲೂಕು ಇದ್ದಲ್ಲೇ ಇದೆ. ಈ ಇಬ್ಬರು ಹೆಂಗಸರು ಮಾತಾಡುವಾಗ ನನಗೆ ಸೇರಿಸಲು ಏನೂ ಇರುತ್ತಿರಲಿಲ್ಲ. ಫೋನ್ ಹಿಡಿದುಕೊಳ್ಳುತ್ತಿದ್ದೆ.

ರೆಕಾರ್ಡ್ ಮಾಡುವ ಯೋಚನೆ ಯಾರದು ಎಂಬುದರ ಬಗ್ಗೆ ನಮ್ಮ ಮನೆಯಲ್ಲಿ ಎರಡು ಅಭಿಪ್ರಾಯವಿದೆ. ನನ್ನದೆಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಅಕ್ಕನೇ ಕೇಳಿದರು ಎಂದು ಹೆಂಡತಿ ಹೇಳುತ್ತಾಳೆ, ಅದೇ ಸರಿಯಿರಬಹುದು. ನಾನು ಕೆಲಸ ಮಾಡುವುದು ಮ್ಯಾಂಚೆಸ್ಟರಿನ ಪಕ್ಕದ ಮೀಡಿಯಾಸಿಟಿಯಲ್ಲಿ, ಮಾತಿನಿಂದ ಗದ್ದಲವನ್ನು ತೆಗೆಯುವ ಸಾಫ್ಟ್‌ವೇರ್ ಮಾಡುವ ಕಂಪನಿಯಲ್ಲಿ. ಗಾಳಿ, ಫ್ಯಾನು, ಹಿಂದೆ ಹೋಗುವ ಲಾರಿ, ಎಲ್ಲವನ್ನೂ ಅಳಿಸಿ ಧ್ವನಿಯನ್ನಷ್ಟೇ ಉಳಿಸುತ್ತೇವೆ. ಅದನ್ನು ಅವರಿಗೆ ಹೇಳಿದ್ದೆ. ಆ ಚಳಿಗಾಲದಲ್ಲಿ ಅವರ ಸೀಮೆಯಲ್ಲಿ ಕರೆಂಟು ದಿನಗಟ್ಟಲೆ ಹೋಗುತ್ತಿತ್ತು. ಕರೆಂಟು ಬಂದಾಗ ಫೋನ್ ತೆರೆದರೆ ಗಂಡನಿಗೆ ತನ್ನ ಬೆಳಗಿನ ವಾರ್ತೆ ಕೇಳಿಸಬೇಕು ಎಂಬುದು ಅಕ್ಕನ ಆಸೆ. ಮಾತಾಡುವುದಲ್ಲ, ಮೊದಲಿನಂತೆ ಓದುವುದು. ರೇಡಿಯೋದಲ್ಲಿ ಬಂದಂತೆ.

ಒಂದು ಭಾನುವಾರ ಮಧ್ಯಾಹ್ನ ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತರು. ಹಸಿರು ಸ್ವೆಟರ್ ಹಾಕಿಕೊಂಡಿದ್ದರು. ಕೂತ ಮೇಲೆ ಕೂದಲು ಸರಿಮಾಡಿಕೊಂಡರು.

'ರೇಡಿಯೋಕ್ಕ ಕೂದ್ಲ ಯಾಕ್ರಿ ಅಕ್ಕಾ?' ಎಂದಳು ನನ್ನ ಹೆಂಡತಿ. ಅವರಿಗೆ ಅರ್ಥವಾಗಲಿಲ್ಲ. ನೀರು ಕೇಳಿ ಕುಡಿದರು. ಕುಕ್ಕರ್ ಒಲೆಯ ಮೇಲಿಂದ ಇಳಿಸುವಂತೆ ಸನ್ನೆ ಮಾಡಿದರು.

ನಮ್ಮ ಸಾಫ್ಟ್‌ವೇರಿನ ಒಂದು ಗುಣವನ್ನು ಇಲ್ಲಿ ಹೇಳಬೇಕು. ಮೊದಲ ಒಂದೆರಡು ಕ್ಷಣದಲ್ಲಿ ಅದು ಯಾವುದು ಮಾತು, ಯಾವುದು ಗದ್ದಲ ಎಂದು ಕಲಿಯುತ್ತದೆ. ಕಲಿಯುವತನಕ ಬಂದದ್ದನ್ನು ಗದ್ದಲವೆಂದೇ ತಿಳಿದು ಅಳಿಸುತ್ತದೆ. ಅದಕ್ಕೇ ಯಾರನ್ನೇ ಕೂರಿಸಲಿ, ಮೊದಲು 'ಬೆಳಿಗ್ಗೆ ಏನು ತಿಂದಿರಿ?' ಎಂದು ಕೇಳಿ ನಾಲ್ಕು ಮಾತಾಡಿಸುವುದು ನಮ್ಮವರ ರೂಢಿ. ಅಕ್ಕ ಅದಕ್ಕೆ ಆಸ್ಪದ ಕೊಡಲಿಲ್ಲ. ಗುಂಡಿ ಒತ್ತಿದ ನನ್ನ ಬೆರಳು ಇನ್ನೂ ಮೇಲೇಳುವ ಮೊದಲೇ, ಅಷ್ಟು ವರ್ಷಗಳ ಅಭ್ಯಾಸದಿಂದ, ಶುರು ಮಾಡಿಯೇಬಿಟ್ಟರು.

ಅವರ ಧ್ವನಿ ಬೇರೆಯಾಯಿತು. ಬೇಲಿಯ ಮೇಲಿಂದ 'ಹಲೋ ಅಕ್ಕಾ' ಎನ್ನುವ ಧ್ವನಿ ಅದಲ್ಲ. ಕೆಳಗಿನಿಂದ ಬಂದಂತೆ, ಅವಸರವಿಲ್ಲದೆ, ಪ್ರತಿ ಮಾತಿನ ಕೊನೆಯನ್ನೂ ಮುಟ್ಟಿ ಬಿಡುತ್ತಿದ್ದರು. ಎದುರಿಗೆ ಏನೂ ಇರಲಿಲ್ಲ, ಗೋಡೆಯ ಮ್ಯಾಂಚೆಸ್ಟರ್ ಕ್ಯಾಲೆಂಡರ್ ಬಿಟ್ಟರೆ. ಬಾಯಿಪಾಠವಾಗಿಯೇ ಹೇಳಿದರು. ನಮ್ಮ ಮಗಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳು, ಮುಗಿದ ಮೇಲೆ, 'ಈಸ್ ತಾಲೂಕು ಲೈಕ್, ಅ ಕಂಟ್ರಿ?' ಎಂದು ನನ್ನನ್ನು ಕೇಳಿದಳು. ಅಲ್ಲ ಎಂದೆ.

ಅಕ್ಕ ಅಲ್ಲೇ ಕೂತು ಅದನ್ನು ಗಂಡನಿಗೆ ಕಳಿಸಿದರು. ಸೌತೆಕಾಯಿ, ಸಬ್ಬಸಿಗೆ, ಮೊಸರು ಹಾಕಿ ಏನೋ ಮಾಡಿಕೊಟ್ಟರು. ಅದು ಕೋಸಂಬರಿಯೂ ಅಲ್ಲ, ರಾಯಿತವೂ ಅಲ್ಲ ಎಂದು ನನ್ನ ಹೆಂಡತಿ ಎರಡು ಬಟ್ಟಲು ತಿಂದಳು.

ಉತ್ತರ ಬಂದದ್ದು ಕೆಲವು ದಿನಗಳಾದ ಮೇಲೆ. ಅಕ್ಕ ಬೇಲಿಯ ಹತ್ತಿರ ಬಂದು ಫೋನ್ ಎತ್ತಿ ತೋರಿಸಿದರು. ಮುಖದಲ್ಲಿ ನಗು ಇತ್ತು ಎಂದು ನೆನಪು. ಆತನ ಮಾತನ್ನು ಫೋನು ನಮಗೆ ಕನ್ನಡದಲ್ಲಿ ಹೇಳಿತು: 'ಇದು ಯಾವ ಜಿಲ್ಲೆಯ ರೇಡಿಯೋ? ಹೆಸರು ಇಲ್ಲ. ಗುಂಯ್ ಎಂಬ ಶಬ್ದವೂ ಇಲ್ಲ. ಇದು ನಮ್ಮದಲ್ಲ.'

ಆಗಲೇ ನಾನು ನೋಡಿದ್ದು. ಫೈಲು ಶುರುವಾಗುವುದೇ ಅರ್ಧದಿಂದ. ಅವರು ಮೊದಲು ಹೇಳಿದ್ದ ತಾಲ್ಲೂಕಿನ ಹೆಸರು ಹೋಗಿತ್ತು. ಅದನ್ನು ಸಾಫ್ಟ್‌ವೇರ್ ಗದ್ದಲದ ಜೊತೆ ತೆಗೆದಿತ್ತು. ಅಳಿಸುವ ಮುಂಚಿನ ಧ್ವನಿಯನ್ನು ಉಳಿಸುವ ಏರ್ಪಾಟು ಆ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ಇನ್ನೊಮ್ಮೆ ಮಾಡೋಣ ಎಂದೆ. 'ಯೆಸ್, ಯೆಸ್. ವಿತ್ ಗೊರ್,' ಎಂದರು ಅಕ್ಕ. ಮುಂದಿನ ಭಾನುವಾರ ನನ್ನ ಹೆಂಡತಿಗೆ ತಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಪಾಳಿ ಇತ್ತು. ಅದರಾಚೆಯ ಭಾನುವಾರ ಬೇರೆ ಏನೋ.

ಅದೇ ಆತನ ಕೊನೆಯ ಸಂದೇಶ ಎಂದು ಬರೆದರೆ ಈ ಬರಹ ಚೆನ್ನಾಗಿ ನಿಲ್ಲುತ್ತದೆ. ಅದಕ್ಕೇ ಬರೆಯುವುದಿಲ್ಲ. ಆಮೇಲೂ ಕೆಲವು ಸಂಜೆ ಅಕ್ಕ ಮೆಟ್ಟಿಲ ಮೇಲೆ ಮಾತಾಡುತ್ತಿದ್ದದ್ದನ್ನು ನೋಡಿದ್ದೇನೆ. ಅಥವಾ ಸುಮ್ಮನೆ ಕೂತಿದ್ದದ್ದನ್ನು ನೋಡಿದ್ದೇನೆ. ಬೆನ್ನು ಒಂದೇ ಥರ ಇತ್ತೆಂದು ಆಗಲೇ ಹೇಳಿದೆನಲ್ಲ… ಒಟ್ಟಿನಲ್ಲಿ ವಸಂತದ ಹೊತ್ತಿಗೆ ಫೋನ್ ನಿಂತಿತ್ತು. ಆತನ ಜೊತೆ ಕೆಲಸ ಮಾಡುವವರನ್ನು ಕೇಳಿದರು. ಅವರಲ್ಲಿ ಒಬ್ಬ ಆತ ಗಡಿಯ ಕಡೆಯ ಹಳ್ಳಿಯೊಂದಕ್ಕೆ ಲೈನ್ ನೋಡಲು ಹೋದ ಎಂದನಂತೆ, ಇನ್ನೊಬ್ಬ ಆಸ್ಪತ್ರೆಯಲ್ಲಿ ನೋಡಿದೆ ಎಂದನಂತೆ. ಸತ್ತ ಎಂದು ಯಾರೂ ಹೇಳಲಿಲ್ಲ. ಇದ್ದಾನೆ ಎಂದೂ ಹೇಳಲಿಲ್ಲ.

ಅಕ್ಕ ಹೋಗಿ ನೋಡುತ್ತೇನೆ ಎಂದರು. ಇಂಗ್ಲಿಷ್ ಅಜ್ಜಿ ಬೇಡವೆಂದು ಅತ್ತರು. ನಾನು ಬೇಡವೆಂದೆ, ಅಲ್ಲಿಯ ಸುದ್ದಿಗಳನ್ನು ಓದಿ ಹೇಳಿದೆ. ನನ್ನ ಹೆಂಡತಿ ಮಾತ್ರ ಬೇಡವೆನ್ನಲಿಲ್ಲ. ಅಕ್ಕ ಅವಳಿಗೇ ಹೇಳಿದರು: 'ನೌ ಸಮ್ಮರ್.'

ಆ ಮಾತನ್ನು ನಾನು ಬಹಳ ಸಲ ತಿರುಗಿಸಿ ನೋಡಿದ್ದೇನೆ. ಬೇಸಿಗೆಯಲ್ಲಿ ದಾರಿ ಸುಲಭ ಎಂದಿರಬಹುದು. ಶಾಲೆಗೆ ರಜೆ ಬರುತ್ತದೆ ಎಂದಿರಬಹುದು. ಬೇಲಿಯ ಬಳಿ ಫೋನು ಹೇಳಿದ, ಇವರು ಎರಡು ಸಲ ಕೇಳಿಸಿಕೊಂಡ ಆ ಚಿಕ್ಕ ವಾಕ್ಯ ಏನಿತ್ತೋ, ಅದು ಇಷ್ಟು ದಿನ ಇವರ ಒಳಗೆ ಇತ್ತು ಎಂದೂ ಹೇಳಬಹುದು. ನನ್ನ ಹೆಂಡತಿಯನ್ನು ಕೇಳಿಲ್ಲ. ಕೇಳಿದರೆ ಅವಳು ಚೀಲ ಎತ್ತಿಕೊಂಡು ಆಸ್ಪತ್ರೆಗೆ ಹೊರಡುತ್ತಾಳೆ ಎಂದು ಗೊತ್ತು.

ಸ್ಟಾಕ್‌ಪೋರ್ಟ್ ಸ್ಟೇಷನ್ನಿನಲ್ಲಿ ಬಿಟ್ಟುಬಂದೆವು. ಒಂದೇ ಚೀಲ. ಹೆಂಡತಿ ಬಟ್ಟೆಯಲ್ಲಿ ಸುತ್ತಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕೊಟ್ಟಳು. 'ತಿಂಗಳಾದ್ರೂ ಕೆಡಂಗಿಲ್ರಿ. ಇಬ್ರೂ ತಿನ್ರಿ' ಎಂದಳು. ಮ್ಯಾಂಚೆಸ್ಟರ್ ಪಿಕಡಿಲಿಗೆ ಹೋಗುವ ರೈಲು ತಡವಾಗಿ ಬಂತು. ಹತ್ತುವಾಗ ಅಕ್ಕ 'ಬೈ ಬೈ' ಎಂದರು.

'ಬೈ ಬೈ ಅನಬಾರದ್ರಿ,' ಎಂದು ಇವಳು ಅವರ ತೋಳು ಹಿಡಿದುಕೊಂಡಳು. 'ಬರ್ತೀನಿ ಅನ್ರಿ.'

'ಬರ್ತೀನಿ ಅನ್ರಿ,' ಎಂದರು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, 'ಬರ್ತೀನಿ ಅನ್ರಿ, ಅಕ್ಕಾ.'

ಪೋಲೆಂಡ್ ದಾಟಿದೆ ಎಂದು ಒಂದು ಸಂದೇಶ ಬಂತು. ರೊಟ್ಟಿಯ ಚಿತ್ರ ಬಂತು, ರೈಲಿನ ಕಿಟಕಿಯ ಪಕ್ಕ ಇಟ್ಟದ್ದು. ಆಮೇಲೆ ನಾವು ಕಳಿಸಿದ್ದಕ್ಕೆಲ್ಲ ವಾಟ್ಸ್ಯಾಪಿನಲ್ಲಿ ಒಂದೇ ಟಿಕ್. ತಲುಪಿತೆಂದು ಅದು ಎರಡಾಗಲಿಲ್ಲ.

ಅವರ ಹೆಸರು ನನಗೆ ಗೊತ್ತು. ನಮ್ಮಲ್ಲಿ ಸರೋಜಮ್ಮಂದಿರು ಇರುವಷ್ಟು ಆ ಹೆಸರಿನವರು ಅಲ್ಲಿದ್ದಾರೆ. ಮನೆತನದ ಹೆಸರು ಫೋನಿನಲ್ಲಿ ಇಲ್ಲ, ಏಕೆಂದರೆ ಫೋನಿನಲ್ಲಿ ಇರುವುದು 'ಅಕ್ಕ ಪಕ್ಕದ್ಮನೆ' ಎಂದು. ಪಕ್ಕದ ಮನೆಯ ಅಜ್ಜಿ ಈಗ ಲೀಡ್ಸಿನಲ್ಲಿ ಮಗನ ಜೊತೆ ಇದ್ದಾರೆ, ಮರೆವು ಹೆಚ್ಚಾಗಿದೆ. ಫೋನ್ ಮಾಡಿ ಊರು ಯಾವುದೆಂದು ಕೇಳಿದೆ. 'ಸಮ್‌ವೇರ್ ನಿಯರ್ ದಿ ಬಾರ್ಡರ್, ಲವ್' ಎಂದರು. ಕೋಣೆ ಕೊಡುವಾಗಿನ ಕಾಗದಗಳಲ್ಲಿದ್ದದ್ದು ಪ್ರಾಂತ್ಯದ ಹೆಸರು ಮಾತ್ರ, ಅದು ನನಗೂ ಗೊತ್ತಿದೆ. ಆ ಪ್ರಾಂತ್ಯದ ಗಡಿಯುದ್ದಕ್ಕೂ ರದ್ದಾದ ತಾಲ್ಲೂಕುಗಳೇ. ಕೆಲವು ಈಗ ಈಚೆಯವರ ಕೈಯಲ್ಲಿವೆ, ಕೆಲವು ಆಚೆಯವರ ಕೈಯಲ್ಲಿವೆ, ಕೆಲವು ಯಾರ ಕೈಯಲ್ಲೂ ಇಲ್ಲದೆ ನಡುವೆ ಬಿದ್ದಿವೆ. ಯಾವುದು ಅಕ್ಕನದು ಎಂದು ಗೊತ್ತಾದರೆ ಅಷ್ಟನ್ನಾದರೂ ತಿಳಿಯಬಹುದಿತ್ತು. ಆ ಹೆಸರುಗಳನ್ನು ಗಟ್ಟಿಯಾಗಿ ಓದಿ ನೋಡಿದ್ದೇನೆ. ಮೊದಲ ಸಲ ಓದಿದಾಗ ಯಾವುದೂ ಅಲ್ಲ ಅನ್ನಿಸುತ್ತದೆ. ಮೂರನೆಯ ಸಲಕ್ಕೆ ಎಲ್ಲವೂ ಅದೇ ಅನ್ನಿಸುತ್ತದೆ.

'ಬ ಇಂದ ಶುರು ಆಗ್ತಿತ್ತು,' ಎನ್ನುತ್ತಾಳೆ ಹೆಂಡತಿ.

'ಕ ಅಲ್ವಾ?'

'ನಾ ಎಲ್ಲಿ ಹೆಸರ ಹಿಡದ ಕರದೀನ್ರಿ? ತಾಲೂಕ ಅಂತಿದ್ದೆ.'

ಈ ಭಾನುವಾರ ಸಬ್ಬಸಿಗೆ ಪಲ್ಯ ಉಂಡ ಮೇಲೆ ಆ ಫೈಲನ್ನು ಮತ್ತೆ ಹಾಕಿದೆ. ಆಫೀಸಿನಲ್ಲಿ ಆ ಭಾಷೆ ಬಲ್ಲವರೊಬ್ಬರಿದ್ದಾರೆ, ಅವರಿಗೆ ಹಿಂದೆಯೇ ಕೇಳಿಸಿದ್ದೆ. ಒಳ್ಳೆಯ ಧ್ವನಿ ಎಂದು, ಅಕ್ಕ ಓದಿದ್ದನ್ನು ಬಿಡಿಸಿ ಹೇಳಿದರು. ಶಾಲೆಯ ಹಿಂದಿನ ಬೀದಿಯಲ್ಲಿ ಇಂದು ನೀರು ಬರುವುದಿಲ್ಲ. ಗಿರಣಿಯ ಬಸ್ಸು ಸೇತುವೆಯ ತನಕ ಮಾತ್ರ. ಬೆಳಿಗ್ಗೆ ಮಂಜು, ಮಧ್ಯಾಹ್ನಕ್ಕೆ ತಿಳಿಯಾಗುತ್ತದೆ, ಪೂರ್ವದಿಂದ ಹಗುರ ಗಾಳಿ. ಒಂದು ಊರಿನ ಹೆಸರೂ ಇಲ್ಲ. ಕೇಳುವವರೆಲ್ಲ ಅಲ್ಲಿಯವರೇ, ಯಾವ ಶಾಲೆ, ಯಾವ ಸೇತುವೆ ಎಂದು ಅವರಿಗೆ ಯಾರು ಹೇಳಬೇಕು? ಶುರುವಿನಲ್ಲಿ ಅಳಿಸದೆ ಉಳಿದದ್ದು ಹೆಸರಿನ ಬಾಲ ಮಾತ್ರ: '…ಸ್ಕಿ ರಯೋನ್.' ಅಲ್ಲಿಯ ತಾಲ್ಲೂಕುಗಳ ಹೆಸರೆಲ್ಲ ಹಾಗೇ ಮುಗಿಯುತ್ತವಂತೆ.

ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿ, ಕೊನೆಯವರೆಗೂ ಕೇಳಿ, ಮತ್ತೆ ನಲ್ಲಿ ಬಿಟ್ಟಳು. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಗಂಡ ಸಿಕ್ಕನೋ ಇಲ್ಲವೋ ಗೊತ್ತಿಲ್ಲ. ಅಕ್ಕ ಅಲ್ಲಿಗೆ ತಲುಪಿದರೋ ಇಲ್ಲವೋ ಗೊತ್ತಿಲ್ಲ. ಅಲ್ಲಿಗೆ ಎಂದರೆ ಎಲ್ಲಿಗೆ ಎಂದೂ ನನಗೆ ಗೊತ್ತಿಲ್ಲ.